ಲಾಕರ್‌ನ ಗಾಳಿ ಸೋರುತ್ತಿದ್ದದ್ದು ಎಲ್ಲಿಂದ?

ಸಕಲೇಶಪುರದ ಕೆಸರು ಏರಿನಲ್ಲಿ ಜೀಪಿನ ಹಿಂದಿನ ಡಿಫರೆನ್ಷಿಯಲ್ ಲಾಕ್ (ಎರಡೂ ಹಿಂದಿನ ಚಕ್ರಗಳು ಒಟ್ಟಿಗೇ ತಿರುಗುವಂತೆ ಗಾಳಿಯ ಒತ್ತಡದಿಂದ ಬಿಗಿಯುವ ಲಾಕರ್) ಹಾಕಿದಾಗಲೆಲ್ಲ, ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್ ನಿಮಿಷಕ್ಕೊಮ್ಮೆ ಗುರುಗುಟ್ಟುತ್ತಿತ್ತು. ಲಾಕ್ ತೆಗೆದರೆ ಮೌನ. ಅಂದರೆ ಸೋರಿಕೆ, ಲಾಕರ್‌ಗೆ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವಿನಿಂದ ಆಚೆಗೆ, ಲಾಕರ್ ಕಡೆಗೆ.

ನನ್ನ ಭಯವೆಲ್ಲ ಒಳಗಿನ ಓ-ರಿಂಗ್‌ಗಳದ್ದು, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳದ್ದು. ಅವು ಹೋಗಿದ್ದರೆ ಡಿಫರೆನ್ಷಿಯಲ್ಲನ್ನೇ ಬಿಚ್ಚಬೇಕು. ಒಳಗೆ ಸೋರಿದ ಗಾಳಿ ಡಿಫರೆನ್ಷಿಯಲ್ಲಿನ ಬ್ರೀದರ್ (ಉಸಿರಾಟದ) ಕೊಳವೆಯಿಂದಲೇ ಹೊರಬರಬೇಕು; ಅದರ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಲಾಕ್ ಹಾಕಿದೆ. ಎಷ್ಟು ಕಾದರೂ ಗುಳ್ಳೆ ಏಳಲಿಲ್ಲ. ಎಂಥ ಸಮಾಧಾನ!

ಚಕ್ರಗಳಿಗೆ ಕಲ್ಲು ಕೊಟ್ಟು, ಗಾಳಿಯ ಕೊಳವೆಯುದ್ದಕ್ಕೂ ಸೋಪಿನ ನೀರು ಹಚ್ಚುತ್ತಾ ಹೋದೆ. ಆಕ್ಸಲ್ ಮೇಲಿನ ಫಿಟ್ಟಿಂಗ್‌ನಿಂದ ಎರಡು ಬೆರಳು ದೂರದಲ್ಲಿ, ನೈಲಾನ್ ಕೊಳವೆ ಬ್ರೇಕ್ ಪೈಪಿನ ಕ್ಲಿಪ್ಪಿಗೆ ಉಜ್ಜಿ ಸವೆದಿದ್ದ ಕಡೆ, ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲುಗಟ್ಟಿದವು. ಗಾಳಿ ಬಿಟ್ಟು, ಸವೆದ ತುದಿಯನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮತ್ತೆ ಒತ್ತಿ ಕೂರಿಸಿದೆ. ಓರೆಯಾಗಿ ಕತ್ತರಿಸಿದರೆ ಮತ್ತೆ ಸೋರುತ್ತದೆ. ಕೊಳವೆಯನ್ನು ಕ್ಲಿಪ್ಪಿನಿಂದ ದೂರ ಸರಿಸಿ ಕಟ್ಟಿದೆ. ಈಗ ಲಾಕ್ ಹಾಕಿಯೇ ಇಡೀ ಏರು ಹತ್ತಿದರೂ ಕಂಪ್ರೆಸರ್ ಸದ್ದಿಲ್ಲ.