ಗ್ರಂಥಾಲಯದಿಂದ ತೆಗೆದ ಪುಸ್ತಕಗಳ ಬಗ್ಗೆ ಮಕ್ಕಳಿಗೆ ತಿಳಿಸುವ ಬಗೆ

ಅಮೆರಿಕದ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಪೋಷಕರು ಈ ವಿಷಯವನ್ನು ಉಪದೇಶಕ್ಕಿಂತ ಒಂದು ಮೊಕದ್ದಮೆಯ ಕತೆಯಿಂದ ಆರಂಭಿಸುವುದು ಒಳಿತು. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಮಂಡಳಿಯು 1976ರಲ್ಲಿ ಕೆಲವು ಪುಸ್ತಕಗಳನ್ನು ಗ್ರಂಥಾಲಯದಿಂದ ತೆಗೆಸಿದಾಗ, ಸ್ಟೀವನ್ ಪಿಕೊ ಮತ್ತು ಇತರ ನಾಲ್ವರು ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1982ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು 5–4ರಲ್ಲಿ ಅವರ ಪರವಾಗಿ ಬಂದಿತು. ಪುಸ್ತಕದ ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ತೆಗೆಯುವಂತಿಲ್ಲ, ಶೈಕ್ಷಣಿಕವಾಗಿ ಅನುಚಿತವೆಂದಾದರೆ ತೆಗೆಯಬಹುದು ಎಂಬುದು ನ್ಯಾಯಮೂರ್ತಿ ಬ್ರೆನನ್ ಅವರ ಅಭಿಪ್ರಾಯವಾಗಿತ್ತು.

ಈ ಎರಡರ ನಡುವಿನ ಗೆರೆ ದೊಡ್ಡವರಿಗೂ ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ ಮನೆಯ ಕಪಾಟಿನ ಒಂದು ಪುಸ್ತಕವನ್ನು ಆರಿಸಿ, ಅದರ ವಿರುದ್ಧ ದೂರು ಬರೆಯಲು ಮಗುವಿಗೇ ಹೇಳಿ: ಯಾವ ಪುಟ, ಯಾವ ಸಾಲು, ಪುಸ್ತಕವನ್ನು ಪೂರ್ತಿ ಓದಿದ್ದೀಯಾ? ಬಳಿಕ ಅದೇ ದೂರಿಗೆ ಗ್ರಂಥಪಾಲಕರ ಉತ್ತರವನ್ನೂ ಅದೇ ಮಗುವಿನಿಂದ ಬರೆಸಿ.