ಏಣಿ ಹಿಡಿಯುವವರು ಯಾರು?

ಊರಿನ ಹೆಸರು ಬರೆಯುವುದಿಲ್ಲ. ಗದಗ ಜಿಲ್ಲೆಯ ಒಂದು ಸಣ್ಣ ಊರು ಅಂದುಕೊಳ್ಳಿ, ಸಾಕು. ಹಬ್ಬದಲ್ಲಿ ಜಗಳವಾದ ಎರಡು ಓಣಿಯ ಹುಡುಗ ಹುಡುಗಿಯರು ಕೂಡಿ ಒಂದು ಗೋಡೆಗೆ ಚಿತ್ರ ಬರೆದ ಕಥೆ ಇದು. ಇಲ್ಲಿ ಬರುವ ಹುಡುಗರಲ್ಲಿ ನಾಲ್ವರು ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಬಂದವರು. ಈಗ ಒಬ್ಬ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಇನ್ನೊಬ್ಬನಿಗೆ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಹಳೇದನ್ನು ಕೆದಕಿ ಅವರ ಹೆಸರು ಹಾಕುವುದು ಬೇಡ.

ನಾನು ಬೋರ್ಡ್ ಬರೆಯುವ ಪೇಂಟರ್. ಅಂದರೆ, ಆಗಿದ್ದೆ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್ ಹಿಂದೆ ‘ತಾಯಿಯ ಆಶೀರ್ವಾದ’, ಚುನಾವಣೆ ಬಂದರೆ ಗೋಡೆ ತುಂಬ ಚಿಹ್ನೆ. ನನಗೆ ಕಲಿಸಿದವರು ಒಬ್ಬ ಉಸ್ತಾದರು. ಮೊದಲ ಆರು ತಿಂಗಳು ಬ್ರಷ್ ಮುಟ್ಟಿಸಲೇ ಇಲ್ಲ. ಏಣಿ ಹಿಡಿ ಅಂದರು, ಹಿಡಿದೆ. ಆಮೇಲೆ ಫ್ಲೆಕ್ಸ್ ಬಂತು. ನಾನು ಎರಡು ದಿನ ಕೂತು ಬರೆಯುತ್ತಿದ್ದದ್ದನ್ನು ಮಷಿನ್ ಸ್ವಲ್ಪ ಹೊತ್ತಿನಲ್ಲೇ ಉಗುಳತೊಡಗಿತು. ನಾನು ಮನೆಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಇಳಿದೆ. ಫ್ಲೆಕ್ಸ್ ಮೇಲೆ ನನಗೆ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಲೆಕ್ಕಕ್ಕೆ ಇಟ್ಟುಕೊಳ್ಳಿ.

2023ರಲ್ಲಿ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ನಮ್ಮಲ್ಲಿ ಎರಡು ಓಣಿ ಕೂಡುವ ಜಾಗದಲ್ಲಿ ಒಂದು ಲೈಟ್ ಕಂಬ ಇದೆ. ಒಂದು ಓಣಿಯವರ ಫ್ಲೆಕ್ಸ್ ಮೇಲೆ, ಇನ್ನೊಂದು ಓಣಿಯವರದು ಕೆಳಗೆ. ಬೆಳಗ್ಗೆ ನೋಡಿದರೆ ಕೆಳಗಿನದು ಹರಿದಿತ್ತು. ಗಾಳಿಗೆ ಹರಿಯಿತೋ ಕೈಗೆ ಹರಿಯಿತೋ, ಇವತ್ತಿಗೂ ಗೊತ್ತಿಲ್ಲ. ಸಂಜೆಯೊಳಗೆ ಎರಡು ಅಂಗಡಿಯ ಗಾಜು ಹೋದವು, ಒಬ್ಬ ಹುಡುಗನ ಹಣೆಗೆ ಹೊಲಿಗೆ ಬಿತ್ತು.

ಅದಕ್ಕೂ ವಾರದ ಮುಂಚೆ ಶಾಂತಿ ಸಭೆ ಆಗಿತ್ತು. ಹಬ್ಬ ಬಂದಾಗೆಲ್ಲ ಆಗುವ ಸಭೆ ನಿಮಗೂ ಗೊತ್ತಿರಬೇಕಲ್ವಾ? ಎರಡೂ ಕಡೆಯ ಹಿರಿಯರು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ. ‘ನಮ್ಮ ಊರು ಸೌಹಾರ್ದಕ್ಕೆ ಹೆಸರಾದ ಊರು’ ಅಂತ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾರೆ. ಚಹಾ ಬರುತ್ತದೆ, ಫೋಟೋ ಆಗುತ್ತದೆ. ಅಲ್ಲಿ ಕೂತವರಲ್ಲಿ ಯಾರೂ ಕಂಬ ಹತ್ತಿ ಫ್ಲೆಕ್ಸ್ ಕಟ್ಟುವವರಲ್ಲ. ಕಟ್ಟುವವರಿಗೆ 17, 18, 20 ವರ್ಷ. ಅವರನ್ನು ಆ ಕೋಣೆಗೆ ಯಾರೂ ಕರೆದಿರಲಿಲ್ಲ.

ಆ ಕಂಬದ ಪಕ್ಕದಲ್ಲೇ ಒಂದು ಹಳೇ ಗೋದಾಮು. ಅದರ ಗೋಡೆ 62 ಅಡಿ ಉದ್ದ, 9 ಅಡಿ ಎತ್ತರ. ಅರ್ಧ ಗೋಡೆ ಈ ಓಣಿಗೆ, ಅರ್ಧ ಆ ಓಣಿಗೆ. ಅದರ ಮೇಲೆ ಏನಾದರೂ ಬರೆಸೋಣ, ಬರೆಯುವವರು ಇದೇ ಹುಡುಗರಾಗಲಿ ಅಂತ ನನಗೆ ಹೊಳೆದದ್ದು ಯಾವುದೋ ದೊಡ್ಡ ಯೋಚನೆಯಿಂದಲ್ಲ. ಖಾಲಿ ಗೋಡೆ ಕಂಡರೆ ಪೇಂಟರಿಗೆ ಕೈ ತುರಿಸುತ್ತದೆ, ಅಷ್ಟೇ. ಪರ್ಮಿಷನ್ನಿಗೆ ಮಾತ್ರ ಏಳು ವಾರ ಅಲೆದೆ. ಆ ಕಥೆ ಬೇಡ.

ಜನವರಿ 2024ಕ್ಕೆ 14 ಜನ ಸೇರಿದರು. ಒಂಬತ್ತು ಹುಡುಗರು, ಐದು ಹುಡುಗಿಯರು. ಮೊದಲ ದಿನ ಎಲ್ಲರಿಗೂ ಹಾಳೆ ಕೊಟ್ಟು ‘ಗೋಡೆ ಮೇಲೆ ಏನಿರಬೇಕು, ಬರೀರಿ’ ಅಂದೆ. ಹನ್ನೊಂದು ಹಾಳೆಯಲ್ಲಿ ಪಾರಿವಾಳ. ಉಳಿದವುಗಳಲ್ಲಿ ಕೈಕುಲುಕುವ ಕೈಗಳು, ಗುಡಿ ಮಸೀದಿ ಚರ್ಚು ಮೂರೂ ಒಂದೇ ಚೌಕಟ್ಟಿನಲ್ಲಿ. ಶಾಲೆಯ ಚಿತ್ರಕಲಾ ಸ್ಪರ್ಧೆಯಲ್ಲಿ ಬಹುಮಾನ ಬರುವ ಚಿತ್ರಗಳು. ಅಷ್ಟರಲ್ಲಿ ಪಂಕ್ಚರ್ ಅಂಗಡಿಯ ಹುಡುಗ ನಕ್ಕ. ಅವನ ಮನೆ ಮಾಳಿಗೆ ಮೇಲೆ ಪಾರಿವಾಳ ಸಾಕಿದ್ದಾರೆ. ‘ಪಾರಿವಾಳದಷ್ಟು ಜಗಳಗಂಟ ಹಕ್ಕಿ ಇನ್ನೊಂದಿಲ್ಲ ಕಾಕಾ. ಒಂದ್ಸಲ ಕಾಳು ಚೆಲ್ಲಿ ನೋಡ್ರಿ’ ಅಂದ. ಎಲ್ಲರೂ ನಕ್ಕರು. ಆ ಹಾಳೆಗಳನ್ನು ಮಡಚಿ ಇಟ್ಟೆ. ಗೋಡೆ ಮೇಲೆ ‘ಶಾಂತಿ’ ಅನ್ನುವ ಅಕ್ಷರ ಬರೆಯಬಾರದು ಅಂತ ಅವತ್ತೇ ತೀರ್ಮಾನಿಸಿದೆ.

ಏನು ಬರೆಯುವುದು ಅಂತ ಗೊತ್ತಾಗುವ ತನಕ ಗೋಡೆ ತಯಾರಿ ಮಾಡೋಣ ಅಂದೆ. ಈಗ ನೆನೆದರೆ ನಿಜವಾದ ಕೆಲಸ ಆದದ್ದು ಆ ಮೂರು ವಾರದಲ್ಲೇ. ಹಳೇ ಸುಣ್ಣವನ್ನು ಪಟ್ಟಿಯಿಂದ ಕೆರೆಯುವುದು, ಉಜ್ಜುಕಾಗದ ಹಾಕುವುದು, ಬಿರುಕಿಗೆ ಪುಟ್ಟಿ, ಅದರ ಮೇಲೆ ಪ್ರೈಮರ್. ನನ್ನ ಬಿದಿರಿನ ಏಣಿ ಒಂದೇ. ನೆಲ ಓರೆಕೋರೆ, ಬುಡ ಹಿಡಿಯದೆ ಹತ್ತುವ ಹಾಗಿಲ್ಲ. ಒಂದೇ ನಿಯಮ ಇಟ್ಟೆ: ಹತ್ತುವವನು ಒಂದು ಓಣಿಯವನಾದರೆ ಹಿಡಿಯುವವನು ಇನ್ನೊಂದು ಓಣಿಯವನು.

ಮೊದಲ ಸಂಜೆ ಹತ್ತಿದವನು ಆ ಪಂಕ್ಚರ್ ಅಂಗಡಿ ಹುಡುಗ. ಬುಡ ಹಿಡಿದವನು ಹಣೆಗೆ ಹೊಲಿಗೆ ಬಿದ್ದವನು. ಮೇಲಿನವನು ಕೆರೆದ ಸುಣ್ಣ ಕೆಳಗಿನವನ ತಲೆ ಮೇಲೆ ಬೀಳುತ್ತಿತ್ತು. ಬೇಕಂತಲೇ ಬೀಳಿಸಿದನೋ ಏನೋ. ಕೆಳಗಿನವನು ಏಣಿಯನ್ನು ಒಂದು ಸಲ ಅಲ್ಲಾಡಿಸಿದ, ಸುಮ್ನೆ ಅರ್ಧ ಇಂಚು. ಮೇಲಿನವನ ಕೈ ನಿಂತಿತು. ನನ್ನ ಉಸಿರೂ ನಿಂತಿತು. ಮೇಲಿನವನು ಕೆಳಗೆ ನೋಡಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಎಸೆದ. ‘ತಲಿಗೆ ಕಟ್ಕೋ.’ ಅಷ್ಟೇ. ಇನ್ನೊಬ್ಬ ಏನೂ ಅನ್ನದೆ ಕಟ್ಟಿಕೊಂಡ. ಅವರಿಬ್ಬರೂ ದೋಸ್ತರಾದರು ಅಂತ ನಾನು ಹೇಳುತ್ತಿಲ್ಲ. ಈಗಲೂ ಜಾಸ್ತಿ ಮಾತಿಲ್ಲ.

ಗೆರೆ ಹೊಡೆಯುವುದೂ ಹಾಗೆಯೇ. ದಾರಕ್ಕೆ ಬಟ್ಟೆಗೆ ಹಾಕುವ ನೀಲಿ ಸವರಿ, ಆ ತುದಿ ಒಬ್ಬ, ಈ ತುದಿ ಒಬ್ಬ ಬಿಗಿಹಿಡಿಯಬೇಕು. ಮೂರನೆಯವರು ನಡುವೆ ಎಳೆದು ಬಿಡಬೇಕು. ಒಂದು ತುದಿ ಸಡಿಲಾದರೆ ಗೆರೆ ಎರಡಾಗಿ ಬೀಳುತ್ತದೆ. ಒಬ್ಬನೇ ಮಾಡುವ ಕೆಲಸ ಅಲ್ಲ ಇದು. ಇಂಥ ಕೆಲಸಗಳನ್ನೇ ಹುಡುಕಿ ಹುಡುಕಿ ಕೊಟ್ಟೆ.

ಚಿತ್ರ ಸಿಕ್ಕಿದ್ದು ಒಬ್ಬ ಅಜ್ಜಿಯಿಂದ. ಹೊಲಿಗೆ ಬಿದ್ದ ಹುಡುಗನ ಅಜ್ಜಿ ಅವನಿಗೆ ಚಹಾ ತಂದಳು. ನನ್ನನ್ನು ನೋಡಿ, ‘ಹುಲಿ ಬರಿಯೂದ ಬಿಟ್ಟೇನೋ ಪೇಂಟರಾ?’ ಅಂದಳು. ನನಗೇ ಮರೆತುಹೋಗಿತ್ತು. ನಮ್ಮ ಕಡೆ ಮೊಹರಂಗೆ ಹುಲಿವೇಷ ಹಾಕುತ್ತಾರೆ. ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತವರಲ್ಲಿ ಹಿಂದೂಗಳೇ ಎಷ್ಟೋ ಜನ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಮೊಹರಂ ನಡೆಯುತ್ತದೆ. ಆಗೆಲ್ಲ ಮೈಗೆ ಎನಾಮಲ್ ಬಣ್ಣವನ್ನೇ ಹಚ್ಚುತ್ತಿದ್ದೆವು. ಒಣಗುವ ತನಕ ಹುಡುಗರು ಕೈ ಅಗಲಿಸಿ ನಿಂತಿರಬೇಕು. ತೆಗೆಯಲು ಸೀಮೆಎಣ್ಣೆ. ಮೈ ಉರಿಯುತ್ತಿತ್ತು, ಆದರೂ ಯಾರೂ ಬೇಡ ಅನ್ನುತ್ತಿರಲಿಲ್ಲ.

ಅಜ್ಜಿ ಅಲ್ಲೇ ಕಟ್ಟೆ ಮೇಲೆ ಕೂತಳು. ‘ಇವನ ಅಪ್ಪಗ ಸಣ್ಣಾಂವಿದ್ದಾಗ ಜ್ವರ ಬಿಡಲಿಲ್ಲ. ಐದು ವರ್ಷ ಹುಲಿ ಆಗ್ತಾನ ಅಂತ ಬೇಡ್ಕೊಂಡಿದ್ದೆ. ಇವರ ಅಜ್ಜ’ ಅಂತ ಪಂಕ್ಚರ್ ಅಂಗಡಿ ಹುಡುಗನನ್ನು ತೋರಿಸಿ, ‘ಹಲಗಿ ಬಾರಿಸ್ತಿದ್ದ. ಬಣ್ಣ ಹಚ್ಚಿದಾಂವ ಇಂವಾ’ ಅಂತ ನನ್ನನ್ನು ತೋರಿಸಿದಳು. ಮೊಮ್ಮಗ ಬಾಯಿ ಬಿಟ್ಟುಕೊಂಡು ಕೂತಿದ್ದ. ‘ಅಪ್ಪ ಹುಲಿ ಆಗಿದ್ನ? ನನಗ ಹೇಳೇ ಇಲ್ಲಲ್ಲ.’ ಅವನ ಅಪ್ಪ ಈಗ ಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುವ ಮುಖಂಡ. ಹೇಳಿರುವುದಿಲ್ಲ ಬಿಡಿ.

ಹುಲಿಯೇ ಆಗಲಿ ಅಂತ ಆಯಿತು. 62 ಅಡಿಯಲ್ಲಿ ಏಳು ಹುಲಿ, ಹಲಗೆ ಬಾರಿಸುವವರು, ನೋಡಲು ನಿಂತ ಜನ. ಜನರ ಮುಖಗಳೆಲ್ಲ ಎರಡು ಓಣಿಯವರವೇ.

ಹುಡುಗಿಯರದು ಬೇರೆ ತೊಂದರೆ. ರಸ್ತೆ ಮೇಲೆ ನಿಂತು ಬಣ್ಣ ಬಳಿಯಲು ಮನೆಯವರು ಬಿಡಲಿಲ್ಲ. ಎರಡೂ ಓಣಿಯಲ್ಲಿ ಅದೇ ಮಾತು, ಈ ವಿಷಯದಲ್ಲಿ ಮಾತ್ರ ಹಿರಿಯರಿಗೆಲ್ಲ ಬಹಳ ಒಗ್ಗಟ್ಟು! ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗೋಡೆಗೆ ಸ್ಪ್ರೇ ಬಳಿದು ಸಿಕ್ಕಿಬೀಳುತ್ತಿದ್ದ ಹುಡುಗರಿಂದಲೇ 1984ರಿಂದ ಗೋಡೆಚಿತ್ರ ಬರೆಸುವ ಕೆಲಸ ನಡೆದಿದೆ. ಅವರು ತೆಳು ಬಟ್ಟೆ ಮೇಲೆ ಒಳಗೇ ಕೂತು ಬರೆದು, ಆಮೇಲೆ ಗೋಡೆಗೆ ಅಂಟಿಸುತ್ತಾರೆ ಅಂತ ನನ್ನ ಅಳಿಯ ಮೊಬೈಲಿನಲ್ಲಿ ತೋರಿಸಿದ. ಸರಿ, ನಾನೂ ಮಾಂಜರಪಾಟದ ಒರಟು ಬಟ್ಟೆ ತಂದೆ. ಹುಡುಗಿಯರು ಮನೆಯ ಪಡಸಾಲೆಯಲ್ಲಿ ಕೂತು ಎರಡು ಹುಲಿ ಬರೆದರು. ಚಂದ ಬಂದಿದ್ದವು, ನಮ್ಮ ಹುಡುಗರವಕ್ಕಿಂತ ಚಂದ. ಮರಗೆಲಸದ ಬಿಳಿ ಗೋಂದಿನಿಂದ ಅಂಟಿಸಿದೆ. ದುಡ್ಡು ಉಳಿಸಲು ಹೋದದ್ದು. ಅವರ ಬಟ್ಟೆ ಬೇರೆ ಥರದ್ದು, ಅಂಟೂ ಬೇರೆ ಥರದ್ದು. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಿತ್ತು. ಬೆಳಗ್ಗೆ ಎರಡೂ ಹುಲಿ ಗೋಡೆಯಿಂದ ಅರ್ಧ ಕಳಚಿ ಒದ್ದೆ ಸೀರೆಯ ಹಾಗೆ ಜೋತಾಡುತ್ತಿದ್ದವು.

ಹೂ ಕಟ್ಟುವವರ ಮನೆ ಹುಡುಗಿ ಅಳಲಿಲ್ಲ, ಬೈದಳು. ‘ನಿಮಗ ಗೊತ್ತಿಲ್ಲದ್ದನ್ನ ನಮ್ಮ ಚಿತ್ರದ ಮ್ಯಾಲ ಯಾಕ ಕಲೀತೀರಿ ಕಾಕಾ?’ ಉತ್ತರ ಇರಲಿಲ್ಲ.

ಆಮೇಲೆ ನನಗೆ ಗೊತ್ತಿದ್ದ ಹಳೇ ದಾರಿಗೇ ಬಂದೆ. ದೊಡ್ಡ ಕಾಗದದ ಮೇಲೆ ಅವರು ಚಿತ್ರ ಬರೆದರು. ಗೆರೆಯ ಉದ್ದಕ್ಕೂ ದಬ್ಬಣದಿಂದ ಸಾಲಾಗಿ ತೂತು. ಕಾಗದವನ್ನು ಗೋಡೆಗೆ ಹಚ್ಚಿ, ಬಟ್ಟೆಯ ಪೊಟ್ಟಣದಲ್ಲಿ ಇದ್ದಿಲ ಪುಡಿ ಕಟ್ಟಿ ಅದರ ಮೇಲೆ ಬಡಿದರೆ ಗೋಡೆ ಮೇಲೆ ಚುಕ್ಕೆಗಳಲ್ಲಿ ಚಿತ್ರ ಇಳಿಯುತ್ತದೆ. ರಂಗೋಲಿ ಅಚ್ಚಿನ ಹಾಗೆ. ಬೋರ್ಡ್ ಬರೆಯುವಾಗ ದಿನಾ ಮಾಡುತ್ತಿದ್ದದ್ದು. ಗೆರೆ ಹುಡುಗಿಯರದು, ಬಣ್ಣ ತುಂಬಿದ್ದು ಹುಡುಗರು. ಕೊನೆಯ ವಾರ ಆ ಹುಡುಗಿಯೇ ಅವಳ ಅಮ್ಮನನ್ನು ಕರೆದುಕೊಂಡು ಬಂದು ಹುಲಿಯ ಕಣ್ಣು ತಾನೇ ಬರೆದಳು. ಕಣ್ಣನ್ನು ಬೇರೆಯವರಿಗೆ ಬಿಡುವುದಿಲ್ಲ ಅಂದಳು.

ಬಣ್ಣದ ಬಗ್ಗೆ ಒಂದು ಮಾತು, ನೀವೂ ಮಾಡುವವರಿದ್ದರೆ ಉಪಯೋಗಕ್ಕೆ ಬರುತ್ತದೆ. ಹೊರಗೋಡೆಗೆ ಹಚ್ಚುವ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ 20 ಲೀಟರಿನ ಬಕೆಟ್ ತಂದು ಅದಕ್ಕೆ ಸ್ಟೇನರ್, ಅಂದರೆ ಬೆರೆಸುವ ಗಟ್ಟಿ ಬಣ್ಣ, ಹಾಕಿ ತಿಳಿ ಬಣ್ಣ ಮಾಡಿಕೊಳ್ಳಿ. ಗಾಢ ಬಣ್ಣ ಬೇಕು ಅಂತ ಸ್ಟೇನರ್ ಸುರಿದರೆ ಬಣ್ಣ ಸರಿಯಾಗಿ ಕೂರುವುದಿಲ್ಲ, ಕೈಗೆ ಹತ್ತುತ್ತದೆ. ಹುಲಿಯ ಹಳದಿ, ಕಪ್ಪು ಎರಡನ್ನೂ ಅಂಗಡಿಯಿಂದ ಗಾಢವಾಗಿಯೇ ತಂದೆವು. ಬಿಸಿಲಿಗೆ ಮೊದಲು ಸೋಲುವುದು ಕೆಂಪು. ಕೆಮ್ಮಣ್ಣಿನ ಕೆಂಪು ಮಾತ್ರ ತಡೆಯುತ್ತದೆ.

ದುಡ್ಡು 30 ಸಾವಿರದ ಹತ್ತಿರ ಆಯಿತು. ಎರಡೂ ಓಣಿಯ ಅಂಗಡಿಗಳಿಂದ ಐವತ್ತು, ನೂರು ಅಂತ ಹುಡುಗರೇ ಎತ್ತಿದರು. ಜೋಡಿಯಲ್ಲೇ ಹೋಗಬೇಕು ಅಂದಿದ್ದೆ. ಒಬ್ಬರು ಪೂರ್ತಿ ಖರ್ಚು ಕೊಡುತ್ತೇನೆ, ಮೂಲೆಯಲ್ಲಿ ನನ್ನ ಫೋಟೋ ಬರೀರಿ ಅಂದರು. ಹುಲಿಗಳ ನಡುವೆ ಮನುಷ್ಯರ ಮುಖ ಕೂರುವುದಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ. ನೋಡುವ ಜನರ ಮುಖ ಇವೆಯಲ್ಲ ಅಂತ ಅವರು ಕೇಳಲಿಲ್ಲ, ಪುಣ್ಯ. ದಿನಾ ಸಂಜೆ ಗಿರ್ಮಿಟ್, ಮಿರ್ಚಿ ಅದೇ ದುಡ್ಡಿನಲ್ಲಿ. ಹಸಿದ ಹುಡುಗರಿಂದ ಪುಕ್ಕಟೆ ಕೆಲಸ ಮಾಡಿಸಿ ಅದಕ್ಕೆ ಸಮಾಜಸೇವೆ ಅನ್ನಬಾರದು.

ನಡುವೆ ಒಂದು ವಾಟ್ಸಾಪ್ ಫಾರ್ವರ್ಡ್ ಬಂತು. ಯಾವುದೋ ಊರಿನ ವಿಡಿಯೋ. ನಾಲ್ಕು ದಿನ ಯಾರೂ ಬರಲಿಲ್ಲ. ನಾನೊಬ್ಬನೇ ಕೈಗೆಟಕುವಷ್ಟು ಎತ್ತರದಲ್ಲಿ ಹುಲ್ಲು ಬರೆಯುತ್ತ ಕೂತೆ. ಐದನೇ ದಿನ ಇಬ್ಬರು ಬಂದರು, ಮರುದಿನ ಆರು. ಇಬ್ಬರು ಮತ್ತೆ ಬರಲೇ ಇಲ್ಲ. ಹೋಗಿ ಕರೆದೆ. ಒಬ್ಬನ ಅಪ್ಪ ಬಾಗಿಲಲ್ಲೇ ನಿಂತು ‘ನಿಮ್ಮ ಕೆಲಸ ನೀವು ನೋಡ್ಕೋರಿ’ ಅಂದರು. 14ರಲ್ಲಿ 12 ಉಳಿದರು.

ಗೋಡೆ ಬರೆದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. 2009ರಲ್ಲಿ ಬೆಂಗಳೂರಿನ ಪಾಲಿಕೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರನ್ನೆಲ್ಲ ಕರೆಸಿ ರಸ್ತೆ ಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಿತ್ತು. ಪೋಸ್ಟರ್ ಅಂಟಿಸುವುದು ನಿಲ್ಲಲಿ ಅಂತ. ನಾನೂ ಹೋಗಿದ್ದೆ, ಕೂಲಿ ಸಿಕ್ಕಿತು, ಖುಷಿಯಾಯಿತು. ಆದರೆ ಆ ಗೋಡೆಯ ಹಿಂದೆ ಇರುವವರನ್ನು ಯಾರೂ ಏನೂ ಕೇಳಿರಲಿಲ್ಲ. ಅದೇ ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರೇ ಬ್ರಷ್ ಹಿಡಿದು ಗೋಡೆ ಬರೆಯುತ್ತಾರೆ. ಚಿತ್ರಕ್ಕಿಂತ ಹೆಚ್ಚಾಗಿ, ಅದನ್ನು ಬರೆಯುತ್ತ ಅವರು ರಸ್ತೆಯಲ್ಲಿ ನಿಂತಿರುವುದೇ ಜನ ನೋಡುವ ವಿಷಯ. ಇನ್ನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕಥೆ ಕೇಳಿದಾಗ ನಮ್ಮ ಲೈಟ್ ಕಂಬವೇ ನೆನಪಾಯಿತು. ಅಲ್ಲಿ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಎರಡೂ ಪಂಗಡದವರು ತಮ್ಮ ಬೀದಿಯ ಗೋಡೆ ಮೇಲೆ ಮುಖ ಮುಚ್ಚಿದ ಬಂದೂಕಿನವರನ್ನು ಬರೆದು ‘ಇದು ನಮ್ಮ ಜಾಗ’ ಅಂತ ತೋರಿಸುತ್ತಿದ್ದರು. ಅಂಥ ಚಿತ್ರಗಳ ಜಾಗಕ್ಕೆ ಬೇರೆ ಚಿತ್ರ ತರಲು ಅಲ್ಲಿನ ಆರ್ಟ್ಸ್ ಕೌನ್ಸಿಲ್ 2006ರಲ್ಲಿ ಯೋಜನೆ ಮಾಡಿತು. ಬ್ರಷ್ಷು ಎರಡೂ ಕೆಲಸ ಮಾಡುತ್ತದೆ ನೋಡಿ.

ಜುಲೈ 2024ರ ಮೊಹರಂಗೆ ಮೊದಲು ಗೋಡೆ ಮುಗಿಯಿತು. ಉದ್ಘಾಟನೆ ಮಾಡಲಿಲ್ಲ, ಸುಮ್ನೆ ಏಣಿ ತೆಗೆದೆವು.

ಆ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ, ಈದ್ ಮಿಲಾದ್ 16ಕ್ಕೆ. ಫ್ಲೆಕ್ಸ್ ಬಂದೇ ಬಂದವು. ಶಾಂತಿ ಸಭೆಯೂ ಆಯಿತು. ನಾನು ಹಠ ಹಿಡಿದು ನಮ್ಮ ಮೂವರು ಹುಡುಗರನ್ನು ಕರೆಸಿದ್ದೆ. ಹುಡುಗಿಯರನ್ನು ಕರೆಯಲಿಲ್ಲ. ಅದು ನಾನು ಸೋತ ಕಡೆ. ಹಿರಿಯರ ಸೌಹಾರ್ದದ ಮಾತೆಲ್ಲ ಮುಗಿದ ಮೇಲೆ ಹೊಲಿಗೆ ಬಿದ್ದ ಹುಡುಗ ಎದ್ದು ನಿಂತ. ‘ಆ ಕಂಬಕ್ಕ ಯಾರು ಯಾವತ್ತ ಕಟ್ತಾರ, ಯಾವತ್ತ ಇಳಸ್ತಾರ, ತಾರೀಕು ಬರ್ಕೋರಿ ಸರ’ ಅಂದ. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಬರೆದುಕೊಂಡರು. ಒಂದು ಓಣಿಯವರು ಇಳಿಸಿದ ಮೇಲೆಯೇ ಇನ್ನೊಂದು ಓಣಿಯವರು ಹತ್ತಿದರು. ಆ ವರ್ಷ ಗಾಜು ಒಡೆಯಲಿಲ್ಲ. ಅದು ಹುಲಿಯಿಂದ ಆಯಿತೋ, ತಾರೀಕಿನಿಂದಲೋ, ಪೊಲೀಸ್ ವ್ಯಾನ್ ನಿಂತಿದ್ದರಿಂದಲೋ, ನಾನು ಹೇಳಲಾರೆ.

ಇಬ್ಬರು ಹುಡುಗರು ಈಗ ಅಕ್ಷರ ಬರೆಯುವುದನ್ನೂ ಕಲಿತಿದ್ದಾರೆ. ಒಬ್ಬನಿಗೆ ಕನ್ನಡದ ಗುಂಡು ಅಕ್ಷರ ಚೆನ್ನಾಗಿ ತಿರುಗುತ್ತವೆ, ಒತ್ತಕ್ಷರ ಮಾತ್ರ ಇನ್ನೂ ಸಣ್ಣದಾಗುತ್ತದೆ. ಅಂಗನವಾಡಿ ಗೋಡೆ, ಚಹಾ ಅಂಗಡಿ ಗೋಡೆ ಅಂತ ಸಣ್ಣಪುಟ್ಟ ಕೆಲಸ ಹಿಡಿಯುತ್ತಾರೆ.

ಹೋದ ತಿಂಗಳು ನನಗೊಂದು ಮನೆ ಕೆಲಸ ಬಂತು. ಏಣಿ ಬೇಕಾಗಿತ್ತು. ಪಂಕ್ಚರ್ ಅಂಗಡಿಗೆ ಹೋಗಿ ಕೇಳಿದರೆ, ‘ಆ ಓಣ್ಯಾಗ ಐತಿ ಕಾಕಾ, ಅವರು ಒಯ್ದಾರ’ ಅಂದ. ಅಲ್ಲಿಗೆ ಹೋದರೆ, ‘ನಿನ್ನೆ ರಾತ್ರಿನ ಅವನ ಅಂಗಡಿಗೆ ಕಳಿಸೇವಲ್ಲ’ ಅಂದರು. ಎರಡು ಸಲ ತಿರುಗಾಡಿ ಸಾಕಾಯಿತು. ಪಕ್ಕದ ಮನೆಯ ಸ್ಟೂಲ್ ಕೇಳಿ ತಂದು ಕೆಲಸ ಶುರು ಮಾಡಿದೆ.