ಓಮ್‌ನ ನಿಯಮದಿಂದ ಆರಂಭಿಸಿ: ಮೊದಲ ಡಿಜಿಟಲ್ ಪಾಠವನ್ನು ಸಿದ್ಧಪಡಿಸುವುದು ಹೇಗೆ?

ಪ್ರತಿ ವರ್ಷ ಪಾಠ ಮಾಡುವಾಗ ಸೀಮೆಸುಣ್ಣ ಹಿಡಿದ ಕೈ ತಡವರಿಸುವ ಒಂದು ಜಾಗ ಎಲ್ಲ ಶಿಕ್ಷಕರಿಗೂ ಇರುತ್ತದೆ. ಡಿಜಿಟಲ್ ಬೋಧನೆಯನ್ನು ಕಲಿಯಬೇಕೆಂದು ಹೊರಟವರು ಆ ಜಾಗವನ್ನು ಗುರುತಿಸಿಕೊಂಡ ಮೇಲೆ ಆ್ಯಪ್ ಹುಡುಕಿದರೆ ಅರ್ಧ ಕೆಲಸ ಮುಗಿದಂತೆ. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠದಲ್ಲಿ ನನಗೆ ಆ ಜಾಗ ಓಮ್‌ನ ನಿಯಮವಾಗಿತ್ತು (ವಿಭವಾಂತರ ವಿ = ಪ್ರವಾಹ ಐ × ರೋಧ ಆರ್). ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಿದ್ದರು, ಲೆಕ್ಕವನ್ನೂ ಬಿಡಿಸುತ್ತಿದ್ದರು. ಆದರೆ ರೋಧ ಹೆಚ್ಚಿದರೆ ಪ್ರವಾಹಕ್ಕೆ ಏನಾಗುತ್ತದೆ ಎಂದು ಬಾಯಿಮಾತಿನಲ್ಲಿ ಕೇಳಿದರೆ ತರಗತಿ ಸುಮ್ಮನಾಗುತ್ತಿತ್ತು. ಆದ್ದರಿಂದ ಅದೇ ಪಾಠವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮನೆಯಲ್ಲೇ ಇಳಿಸಿಕೊಳ್ಳಿ

ಸಂಪನ್ಮೂಲಕ್ಕಾಗಿ ದೂರ ಹೋಗಬೇಕಿಲ್ಲ. 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ವಿಡಿಯೊಗಳನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಮುದ್ರಿಸಿರುವ ಕ್ಯೂಆರ್ ಕೋಡ್ ಮೂಲಕವೇ ತೆರೆಯಬಹುದು. ವಿಜ್ಞಾನ ಮತ್ತು ಗಣಿತಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಸಿಮ್ಯುಲೇಷನ್‌ಗಳಿವೆ, ಅಂದರೆ ಪರದೆಯ ಮೇಲೆ ಅಳತೆಗಳನ್ನು ಬದಲಿಸಿ ನೋಡಬಹುದಾದ ಪ್ರಯೋಗಗಳು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯ ಸಿಮ್ಯುಲೇಷನ್‌ಗಳು ಉಚಿತ, ಅವುಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಆ ಕಡತ ಇಂಟರ್ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಶಾಲೆಯ ನೆಟ್‌ವರ್ಕ್ ನಂಬಿಕೊಂಡು ತರಗತಿಗೆ ಹೋಗಬೇಡಿ. ಹಿಂದಿನ ರಾತ್ರಿಯೇ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಮತ್ತು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡಿದ ಟಿಪ್ಪಣಿಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ನುಡಿ ಫಾಂಟ್‌ನಲ್ಲಿ ನಾನು ರಾತ್ರಿಯಿಡೀ ಕುಳಿತು ಸಿದ್ಧಪಡಿಸಿದ್ದ ಸ್ಲೈಡುಗಳು ಶಾಲೆಯ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು, ಅವಧಿ ಪೂರ್ತಿ ವ್ಯರ್ಥವಾಯಿತು. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಅದರ ಪಿಡಿಎಫ್ ಪ್ರತಿಯನ್ನೂ ಜೊತೆಗಿಟ್ಟುಕೊಂಡರೆ ಈ ತೊಂದರೆ ಬರುವುದಿಲ್ಲ.

ಖಾಲಿ ತರಗತಿಯಲ್ಲಿ ಒಮ್ಮೆ ನಡೆಸಿ ನೋಡಿ

ಶಾಲೆ ಬಿಟ್ಟ ಮೇಲೆ ಪ್ರೊಜೆಕ್ಟರ್ ಜೋಡಿಸಿ, ಕೊನೆಯ ಬೆಂಚಿನಲ್ಲಿ ಕುಳಿತು ಪರದೆಯನ್ನು ಓದಲು ಪ್ರಯತ್ನಿಸಿ. ಅಕ್ಷರ ಸಣ್ಣದಾಗಿದ್ದರೆ, ಕಿಟಕಿಯ ಬೆಳಕಿಗೆ ಚಿತ್ರ ಮಸುಕಾಗಿದ್ದರೆ, ಧ್ವನಿ ಹಿಂದಿನವರೆಗೆ ಕೇಳದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಪ್ರೊಜೆಕ್ಟರ್ ನಡೆಯುವುದಿಲ್ಲ. ಹಾಗಾಗಿ ಪಾಠಕ್ಕೆ ಬೇಕಾದ ಕೋಷ್ಟಕವನ್ನು ಮೊದಲೇ ಬೋರ್ಡಿನ ಮೇಲೆ ಬರೆದಿಡಿ.

ತೋರಿಸುವ ಮುನ್ನ ಕೇಳಿ

ಇಡೀ ಪಾಠದಲ್ಲಿ ಅತಿ ಮುಖ್ಯವಾದ ಹಂತ ಇದು, ಅವಸರದಲ್ಲಿ ನಾವು ಕೈಬಿಡುವುದೂ ಇದನ್ನೇ. ಫೆಟ್‌ನ ಓಮ್‌ನ ನಿಯಮದ ಸಿಮ್ಯುಲೇಷನ್ ತೆರೆದಾಗ ವಿಭವಾಂತರ 4.5 ವೋಲ್ಟ್, ರೋಧ 500 ಓಮ್ ಮತ್ತು ಪ್ರವಾಹ 9 ಮಿಲಿಆಂಪಿಯರ್ ಇರುತ್ತದೆ. ಅಷ್ಟನ್ನು ಓದಿಸಿ, ಪರದೆಯನ್ನು ಹಾಗೆಯೇ ಬಿಟ್ಟು, ‘ರೋಧವನ್ನು 1,000 ಓಮ್‌ಗೆ ಏರಿಸಿದರೆ ಪ್ರವಾಹ ಎಷ್ಟಾಗುತ್ತದೆ? ನೋಟ್‌ಬುಕ್ಕಿನಲ್ಲಿ ಬರೆಯಿರಿ’ ಎಂದು ಹೇಳಿ, ಎರಡು ನಿಮಿಷ ಕಾಯಿರಿ. ಪ್ರತಿಯೊಬ್ಬರೂ ಒಂದು ಉತ್ತರಕ್ಕೆ ಬದ್ಧರಾದ ಮೇಲೆ, ಒಬ್ಬ ವಿದ್ಯಾರ್ಥಿನಿಯನ್ನು ಮುಂದೆ ಕರೆದು ರೋಧದ ಗುಂಡಿಯನ್ನು ಮೇಲೆ ಸರಿಸಲು ಹೇಳಿ. ಸಮೀಕರಣದಲ್ಲಿ ‘ಆರ್’ ಅಕ್ಷರ ಬೆಳೆಯುತ್ತಾ ಹೋದಂತೆ ‘ಐ’ ಅಕ್ಷರ ಕುಗ್ಗುತ್ತಾ ಬಂದು, ಪ್ರವಾಹ 4.5 ಮಿಲಿಆಂಪಿಯರ್‌ಗೆ ನಿಲ್ಲುತ್ತದೆ. ತಾವು ಬರೆದದ್ದು ತಪ್ಪಾಗಿದ್ದ ಮಕ್ಕಳೇ ಆ ಕ್ಷಣದಲ್ಲಿ ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಾರೆ. ಮೊದಲೇ ತೋರಿಸಿಬಿಟ್ಟರೆ ಅದು ಟಿ.ವಿ. ನೋಡಿದಷ್ಟಕ್ಕೇ ನಿಲ್ಲುತ್ತದೆ.

ಮೌಸ್ ಮಕ್ಕಳ ಕೈಯಲ್ಲೇ ಇರಲಿ, ನೀವು ಬದಿಯಲ್ಲಿ ನಿಂತು ಪ್ರಶ್ನೆ ಕೇಳಿ. 40 ನಿಮಿಷಗಳ ಅವಧಿಯಲ್ಲಿ ಪರದೆಗೆ ಹದಿನೈದು ನಿಮಿಷ ಸಾಕು.

ಪರದೆಯಿಂದ ಮೇಜಿಗೆ

ಸಿಮ್ಯುಲೇಷನ್ ತನ್ನೊಳಗೆ ಬರೆದಿಟ್ಟ ಸಮೀಕರಣದಂತೆಯೇ ಉತ್ತರ ಕೊಡುತ್ತದೆ, ಆದ್ದರಿಂದ ಅದನ್ನು ನಿಯಮಕ್ಕೆ ಸಾಕ್ಷಿಯೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಮರುದಿನ ಪಠ್ಯಪುಸ್ತಕದ ಚಟುವಟಿಕೆಯಲ್ಲಿರುವಂತೆ ಅರ್ಧ ಮೀಟರ್ ನಿಕ್ರೋಮ್ ತಂತಿ, 1.5 ವೋಲ್ಟ್‌ನ ನಾಲ್ಕು ಕೋಶ, ಅಮ್ಮೀಟರ್ ಮತ್ತು ವೋಲ್ಟ್‌ಮೀಟರ್ ಮೇಜಿನ ಮೇಲಿಟ್ಟು, ಒಂದೊಂದೇ ಕೋಶ ಸೇರಿಸುತ್ತಾ ಅಳತೆಗಳನ್ನು ತೆಗೆಸಿ. ತಂತಿ ಬಿಸಿಯಾಗುತ್ತದೆ, ಕೋಶ ಹಳೆಯದಾಗಿದ್ದರೆ ಮುಳ್ಳು ಇಳಿಯುತ್ತದೆ, ಸಂಪರ್ಕ ಸಡಿಲವಾದರೆ ಓಲಾಡುತ್ತದೆ. ಪರದೆಯ ಮೇಲೆ ಇವ್ಯಾವುವೂ ಇರಲಿಲ್ಲ. ಎರಡೂ ಕಡೆಯ ಅಂಕಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆಸಿ, ವ್ಯತ್ಯಾಸ ಎಲ್ಲಿಂದ ಬಂತೆಂದು ಚರ್ಚಿಸಲು ಬಿಡಿ.

ಅಂದೇ ಸಂಜೆ ಪಾಠಯೋಜನೆಯ ಅಂಚಿನಲ್ಲಿ ಮಕ್ಕಳು ಎಲ್ಲಿ ತಪ್ಪು ಊಹಿಸಿದರು, ಯಾವ ಪ್ರಶ್ನೆಗೆ ಸಮಯ ಸಾಲಲಿಲ್ಲ ಎಂಬುದನ್ನು ಎರಡು ಸಾಲು ಬರೆದಿಡಿ. ಮುಂದಿನ ವರ್ಷ ಅದೇ ಕಡತ ತೆರೆಯುವಾಗ ಮೊದಲು ಓದಬೇಕಾದದ್ದು ಆ ಎರಡು ಸಾಲುಗಳನ್ನೇ.